ಮೈಕ್‌ಗೆ ಪರ್ಮಿಷನ್ ಅದ, ಟ್ರ್ಯಾಕ್ಟರ್‌ಗೆ ಇಲ್ಲ: ಜಾತ್ರೆ ರೇಸ್ ಯಾರ ಜವಾಬ್ದಾರಿ?

ಗುಂಡಗುರ್ತಿ: ರಾತ್ರಿ ಹತ್ತು ಗಂಟೆಗೆ ಕಮಿಟಿಯವರು ಮೈಕ್ ಬಂದ್ ಮಾಡಿದ್ರು. ಟ್ರ್ಯಾಕ್ಟರ್ ಬಂದ್ ಮಾಡಲಿಲ್ಲ. ಇನ್ನೂ ಐದು ಗಾಡಿ ಬಾಕಿ ಇದ್ವು, ಬಹುಮಾನ ಯಾರಿಗೆ ಅಂತ ಗೊತ್ತಾಗಿರಲಿಲ್ಲ, ಮಂದಿ ಎದ್ದು ಹೋಗೋಕೆ ತಯಾರಿರಲಿಲ್ಲ. ಹಂಗಾಗಿ ಉಳಿದ ಐದು ಸುತ್ತು ಸೀಟಿ ಮತ್ತು ಕೈಸನ್ನೆ ಮೇಲೆ ನಡೆದ್ವು.

ಇದು ಗುಂಡಗುರ್ತಿ ಸುತ್ತಮುತ್ತಲಿನ ಒಂದು ಊರಿನ ಜಾತ್ರೆ. ಊರಿನ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದ್ರೆ ಆ ಒಂದು ಕಮಿಟಿಗೆ ನೋಟಿಸ್ ಹೋಗ್ತದ, ಉಳಿದ ಊರವರು ನಕ್ಕು ಸುಮ್ಮನಾಗ್ತಾರ. ಸಮಸ್ಯೆ ಒಂದೂರಿಂದಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಸ್ಪರ್ಧೆ ಮೊದಲಿಂದ ಜೋರು. ಈಗ ನಮ್ಮ ಕಡೆ ಪಾಂಪ್ಲೆಟ್‌ಗಳಲ್ಲೂ ಕುಸ್ತಿ, ಕಬಡ್ಡಿ, ಎತ್ತುಗಳಿಂದ ಕಲ್ಲು ಎಳೆಸೋದು, ಇವುಗಳ ಕೆಳಗೆ ಒಂದು ಸಾಲು ಕಾಣೋಕೆ ಶುರುವಾಗಿದೆ: ಟ್ರ್ಯಾಕ್ಟರ್ ರಿವರ್ಸ್ ಓಡಿಸುವ ಸ್ಪರ್ಧೆ.

ನಾನು ಹೋಗಿದ್ದು ಸುದ್ದಿ ಮಾಡೋಕಲ್ಲ, ನೋಡೋಕೆ. ಮಜಾನೂ ಬಂತು, ಸುಳ್ಳು ಹೇಳಲ್ಲ. ಆದ್ರೆ ವಾಪಸ್ ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಇವತ್ತು ಇಲ್ಲಿ ಏನಾದ್ರೂ ಆಗಿದ್ರೆ ಯಾರನ್ನ ಕೇಳಬೇಕಿತ್ತು?

ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್ ಅಂತ ಇದೆ. ಸ್ಟಾಕ್ ಅಂದ್ರೆ ಶೋರೂಮ್ ಸ್ಟಾಕ್, ರೇಸ್‌ಗಂತ ಕಟ್ಟಿದ್ದಲ್ಲ, ಮಂದಿ ದಿನಾ ಓಡಿಸೋ ಸಾದಾ ಕಾರು. 1948ರಲ್ಲಿ ನಾಸ್ಕಾರ್ ಸಂಸ್ಥೆ ಹುಟ್ಟಿತು. ಮರುವರ್ಷ ಅದರ ಅಪ್ಪಟ ಸ್ಟಾಕ್ ಓಟಗಳು ಶುರುವಾದಾಗ ಮನೆ ಕಾರನ್ನೇ ತಂದು ಓಡಿಸಿದವರಿದ್ರು. ಇವತ್ತು ಆ ಕಾರುಗಳು ಹೆಸರಿಗಷ್ಟೇ ಸ್ಟಾಕ್. ಖರೆ ಸ್ಟಾಕ್ ರೇಸ್ ನೋಡಬೇಕಂದ್ರೆ ನಮ್ಮ ಜಾತ್ರೆಗೆ ಬರಬೇಕು. ಮುಂಜಾನೆ ಜೋಳದ ಚೀಲ ಹೊತ್ತ ಟ್ರ್ಯಾಕ್ಟರ್ ಸಂಜೆ ಟ್ರೇಲರ್ ತೊಳಕೊಂಡು, ಬಾನೆಟ್ ಮೇಲೆ ಹೂವಿನ ಹಾರ ಹಾಕ್ಕೊಂಡು ಲೈನ್‌ಗೆ ನಿಲ್ತದ. ನಾಳೆ ಮತ್ತ ಹೊಲಕ್ಕೆ ಹೋಗಬೇಕು. ಕಂತು ಕಟ್ಟೋದು ಅದರಿಂದಲೇ.

ಜಾಗ ತೊಗರಿ ಕಡಿದ ಎರಿ ಹೊಲ. ಕೂಳಿ ಹಂಗೇ ಇತ್ತು, ಚಪ್ಪಲಿ ತೂರಿ ಚುಚ್ಚುತ್ತಿತ್ತು. ನಡುವೆ ಸುಣ್ಣದಲ್ಲಿ ಎರಡು ಗೆರೆ, ಅದೇ ಟ್ರ್ಯಾಕ್. ಗೆರೆ ಆಚೆ ಬಿದಿರಿನ ಗೂಟಕ್ಕೆ ಕಟ್ಟಿದ ಹಗ್ಗ. ಹಗ್ಗದ ಆಚೆ ಮಂದಿ ನಿಲ್ಲಬೇಕು ಅಂತ ಲೆಕ್ಕ, ಆದ್ರೆ ಕತ್ತಲಾಗೋ ಹೊತ್ತಿಗೆ ಮಂದಿ ಹಗ್ಗದ ಈಚೆ ಇದ್ರು. ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿದ್ವು. ಸಣ್ಣೋರು ಮುಂದೆ ಕೂತ್ರೆ ಹಿಂದಿನವರಿಗೆ ಕಾಣ್ತದ ಅಂತ ದೊಡ್ಡೋರೇ ಕೂರಿಸಿದ್ರು.

ಆಟ ನೋಡದವರಿಗೆ ಎರಡು ಮಾತು ಹೇಳಬೇಕು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನ ಒಂದು ನಿಮಿಷದಲ್ಲಿ ಹಿಂದಕ್ಕೆ ಎಷ್ಟು ದೂರ ಓಡಿಸ್ತೀರಿ ಅನ್ನೋದು ಸ್ಪರ್ಧೆ. ಗೆರೆ ದಾಟಿದ್ರೆ ಔಟ್. ಕೇಳೋಕೆ ಸುಲಭ ಅನಿಸ್ತದ. ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೊಡೆದವರಿಗೆ ಗೊತ್ತು, ಟ್ರೇಲರ್ ಬಲಕ್ಕೆ ಹೋಗಬೇಕಂದ್ರೆ ಸ್ಟೇರಿಂಗ್ ಎಡಕ್ಕೆ ಹೊಡೀಬೇಕು. ಸ್ವಲ್ಪ ಜಾಸ್ತಿ ಆಯ್ತೋ, ಟ್ರೇಲರ್ ಚಾಕು ಮಡಚಿದಂಗ ಮಡಚ್ತದ. ಡ್ರೈವರ್ ಸೀಟಿನಲ್ಲಿ ಅರ್ಧ ತಿರುಗಿ ಕೂತು, ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಮಡ್‌ಗಾರ್ಡ್ ಮೇಲೆ ಇಟ್ಟು, ಕುತ್ತಿಗೆ ಹಿಂದಕ್ಕೆ ಹೊರಳಿಸಿ ಓಡಿಸ್ತಾನ. ಟ್ರ್ಯಾಕ್ಟರ್‌ಗೆ ಎಡ ಬಲ ಅಂತ ಎರಡು ಬ್ರೇಕ್ ಪೆಡಲ್ ಇರ್ತಾವ. ರೋಡಿನ ಮೇಲೆ ಎರಡನ್ನೂ ಕೊಂಡಿ ಹಾಕಿ ಒಂದು ಮಾಡಬೇಕು, ಹೊಲದಲ್ಲಿ ಬಿಚ್ಚಿ ಒಂದೊಂದೇ ಒತ್ತಿ ಗಕ್ಕನೆ ತಿರುಗಿಸ್ತಾರ. ರೇಸ್‌ನಲ್ಲಿ ಬಿಚ್ಚೇ ಓಡಿಸ್ತಾರ. ಒಂದೇ ಬ್ರೇಕ್‌ನಿಂದ ಟ್ರೇಲರ್ ಸರಿಪಡಿಸೋದು ನೋಡಿದ್ರೆ, ಇದು ಡ್ರೈವಿಂಗ್ ಸ್ಕೂಲ್‌ನಲ್ಲಿ ಕಲಿಸೋ ವಿದ್ಯೆ ಅಲ್ಲ ಅಂತ ಒಪ್ಪಲೇಬೇಕು.

ಗೆದ್ದವರಲ್ಲಿ ಗಾಡಿ ಮಾಲೀಕರು ಕಡಿಮೆ. ಓಡಿಸೋನು ಸಂಬಳದ ಡ್ರೈವರ್, ಬಹುಮಾನದ ಪೇಟ ಮಾಲೀಕನಿಗೆ. ನನ್ನ ಜೊತೆ ಡಿಗ್ರಿ ಅರ್ಧಕ್ಕೆ ಬಿಟ್ಟವರಲ್ಲಿ ಇಬ್ಬರು ಅಲ್ಲೇ ಸಿಕ್ಕರು, ಇಬ್ಬರೂ ಬೇರೆಯವರ ಟ್ರ್ಯಾಕ್ಟರ್ ಓಡಿಸ್ತಾರ. ಒಬ್ಬನಿಗೆ ಆ ರಾತ್ರಿ ಮೂರನೇ ಸ್ಥಾನ ಬಂತು. ವರ್ಷದಾಗ ಒಂದು ದಿನ ಮೈಕ್‌ನಾಗ ನಮ್ಮ ಹೆಸರು ಕರೀತಾರಲೇ ಅಂದ. ಈ ಆಟ ಬ್ಯಾನ್ ಮಾಡಿ ಅಂತ ಬರೆಯೋಕೆ ನನಗೆ ಮನಸ್ಸು ಬರದೇ ಇರೋದಕ್ಕೆ ಒಂದು ಕಾರಣ ಆ ಮಾತು.

ಈಗ ಮೈಕ್ ಬಂದ್ ಆದ ಮೇಲಿನ ಕಥೆ.

ಎರಡನೇ ಗಾಡಿಯೋ ಮೂರನೆಯದೋ ಇರಬೇಕು. ಟ್ರ್ಯಾಕ್‌ನ ಕೊನೆಯಲ್ಲಿ ಮಂದಿಗೆ ಕಾಣಲಿ ಅಂತ ಎರಡು ಫೋಕಸ್ ಲೈಟ್ ಕಟ್ಟಿದ್ರು. ರಿವರ್ಸ್ ಬರೋ ಡ್ರೈವರ್ ನೋಡೋದೇ ಆ ಕಡೆ. ಬೆಳಕು ನೇರ ಕಣ್ಣಿಗೆ, ನಡುವೆ ಎರಿ ಮಣ್ಣಿನ ಧೂಳು. ಟ್ರೇಲರ್ ಎಡಕ್ಕೆ ಜಾರ್ತಾ ಬಂತು. ಹಗಲಾಗಿದ್ರೆ ಮೈಕ್‌ನಲ್ಲಿ ಸರೀರಿ ಸರೀರಿ ಅಂತ ಕೂಗೋರು. ಮೈಕ್ ಇಲ್ಲ. ಸೀಟಿ ಊದಿದ್ರು, ಸೀಟಿ ಎಲ್ಲದಕ್ಕೂ ಊದ್ತಾರ, ಯಾರೂ ಲೆಕ್ಕಕ್ಕೆ ಇಡಲಿಲ್ಲ. ಟ್ರೇಲರ್ ಹಗ್ಗ ಹರಕೊಂಡು ಬಂದ ಮೇಲೆ ಮಂದಿ ಎದ್ದರು. ಒಂದು ಮಗುವನ್ನ ಯಾರೋ ತೋಳು ಹಿಡಿದು ಎಳೆದ್ರು. ಟ್ರೇಲರ್‌ನ ಹಿಂದಿನ ಬಾಗಿಲು ಮಕ್ಕಳು ಕೂತಿದ್ದ ಜಾಗದ ಮೇಲೆ ಬಂದು ನಿಂತಿತು. ಒಂದು ಜೊತೆ ಸಣ್ಣ ಚಪ್ಪಲಿ ಅದರ ಗಾಲಿ ಕೆಳಗಿತ್ತು.

ಯಾರಿಗೂ ಏನೂ ಆಗಲಿಲ್ಲ. ಒಂದು ಕ್ಷಣ ಸುಮ್ಮನಿದ್ದು ಎಲ್ಲರೂ ನಕ್ಕರು. ಆ ವಿಡಿಯೋ ಮರುದಿನ ವಾಟ್ಸ್ಯಾಪ್‌ನಲ್ಲಿ ಕಾಮಿಡಿ ಹಾಡು ಹಾಕಿಕೊಂಡು ತಿರುಗಿತು. ನನ್ನ ಫೋನ್‌ಗೇ ನಾಲ್ಕು ಸಲ ಬಂತು.

ಕಮಿಟಿಯ ಒಬ್ಬರನ್ನ ಕೇಳಿದೆ, ಪರ್ಮಿಷನ್ ಇದೆಯೇನ್ರಿ ಅಂತ. ಅವರು ಅಂಗಿ ಜೇಬಿನಿಂದ ಮಡಚಿದ ಕಾಗದ ತೆಗೆದು ತೋರಿಸಿದ್ರು. ಅದು ಧ್ವನಿವರ್ಧಕದ ಅನುಮತಿ. ರಾತ್ರಿ ಹತ್ತರಿಂದ ಮುಂಜಾನೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನೋದು 2000ನೇ ಇಸ್ವಿಯ ಶಬ್ದ ಮಾಲಿನ್ಯ ನಿಯಮ. ಕಮಿಟಿ ಅದನ್ನ ಚಾಚೂ ತಪ್ಪದೆ ಪಾಲಿಸಿತು. ಟ್ರ್ಯಾಕ್ಟರ್‌ದು ಕಾಗದ ಎಲ್ಲಿ ಅಂದೆ. ಅದಕ್ಕ ಎಲ್ಲಿ ಕೊಡ್ತಾರ ಅಂತ ನನ್ನನ್ನೇ ಕೇಳಿದ್ರು. ಅವರು ಜಾರಿಕೊಳ್ಳೋಕೆ ಹೇಳಿದ್ದಲ್ಲ, ಅವರಿಗೆ ಖರೇನೇ ಗೊತ್ತಿರಲಿಲ್ಲ. ಹುಡುಕಿ ನೋಡಿದ ಮೇಲೆ ನನಗೂ ಅನಿಸಿದ್ದು, ಹಳ್ಳಿ ಕಮಿಟಿಗೆ ಅದು ಗೊತ್ತಿರೋ ಸಾಧ್ಯತೆ ಇಲ್ಲ.

ಕಾನೂನು ಇದೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 189. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನಗಳ ರೇಸ್ ಅಥವಾ ವೇಗದ ಪರೀಕ್ಷೆ ನಡೆಸಿದ್ರೆ, ಭಾಗವಹಿಸಿದ್ರೆ ಶಿಕ್ಷೆ. 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಇದು ಬರೆದಿರೋದು ರಸ್ತೆ ಮೇಲೆ ಬೈಕ್ ಹಾರಿಸೋರನ್ನ ಕಣ್ಣಲ್ಲಿಟ್ಟುಕೊಂಡು ಅನ್ನಂಗ ಇದೆ. ಖಾಸಗಿ ಹೊಲ ಸಾರ್ವಜನಿಕ ಸ್ಥಳ ಹೌದೋ ಅಲ್ಲೋ ಅಂತ ಇಬ್ಬರು ವಕೀಲರು ಒಂದು ದಿನ ವಾದ ಮಾಡಬಹುದು. ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕೊಟ್ಟು ಚೈನ್ ಕಟ್ಟಿ ಜಗ್ಗಾಡೋ ಸ್ಪರ್ಧೆ ಅಂತೂ ರೇಸೂ ಅಲ್ಲ, ವೇಗವೂ ಅಲ್ಲ. ಎಲ್ಲಕ್ಕಿಂತ ಅಪಾಯದ ಆಟ ಅದೇ. ಗಾಲಿ ಮಣ್ಣು ಕಚ್ಚಿ ಮುಂದೆ ಹೋಗಲಿಲ್ಲ ಅಂದ್ರೆ ಇಂಜಿನ್ ಶಕ್ತಿ ಗಾಡಿಯ ಮೂತಿಯನ್ನೇ ಮೇಲೆತ್ತುತ್ತದ. ಚೈನ್ ಕೆಳಗಿನ ಕೊಂಡಿಗೆ ಬಿಟ್ಟು ಮೇಲೆ ಕಟ್ಟಿದ್ರಂತೂ ಒಂದೆರಡು ಸೆಕೆಂಡ್‌ನಲ್ಲಿ ಗಾಡಿ ಹಿಂದಕ್ಕೆ ಪಲ್ಟಿ, ಡ್ರೈವರ್ ಕೆಳಗೆ. ಕ್ಲಚ್ ಒತ್ತೋಕೂ ಟೈಮ್ ಸಿಗಲ್ಲ.

ಇದನ್ನೇ ಎತ್ತಿನ ಜೊತೆ ಹೋಲಿಸಿ ನೋಡಿ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟ ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ಕಂಬಳಕ್ಕೂ ಪೆಟ್ಟು ಬಿತ್ತು. ಗಲಾಟೆ ಆಯ್ತು, ವಿಧಾನಸಭೆ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ಜೊತೆ ನಮ್ಮ ತಿದ್ದುಪಡಿಯನ್ನೂ ಎತ್ತಿ ಹಿಡಿಯಿತು. ಒಂಬತ್ತು ವರ್ಷದ ಜಗಳದಿಂದ ಎತ್ತಿಗೆ ಸಿಕ್ಕಿದ್ದೇನು? ಆಟಕ್ಕೆ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿತು, ಅನಗತ್ಯ ಹಿಂಸೆ ಆಗಬಾರದು ಅನ್ನೋ ಷರತ್ತು ಸಿಕ್ಕಿತು, ಷರತ್ತು ಮುರಿದ್ರೆ ಯಾರನ್ನ ಹಿಡೀಬೇಕು ಅನ್ನೋದೂ ಗೊತ್ತಾಯ್ತು. ಟ್ರ್ಯಾಕ್ಟರ್ ಆಟಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ. ಎತ್ತಿಗೆ ನೋವಾಗ್ತದ ಅಂತ ಕೇಳೋರಿದ್ರು, ಕೇಸ್ ಹಾಕಿದ್ರು. ಹಗ್ಗದ ಪಕ್ಕ ಕೂತ ಮಕ್ಕಳ ಪರವಾಗಿ ಇನ್ನೂ ಯಾರೂ ಕೇಸ್ ಹಾಕಿಲ್ಲ.

ದೊಡ್ಡ ಊರುಗಳಲ್ಲಿ ಹೆಂಗೆ ನಡೀತದ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ಸೇಡಂ ದಾಟಿದ್ರೆ ತೆಲಂಗಾಣ. 2023ರ ಫೆಬ್ರವರಿ 11ರಂದು ಹೈದರಾಬಾದ್‌ನ ಹುಸೇನ್ ಸಾಗರದ ದಂಡೆ ಮೇಲೆ ಫಾರ್ಮುಲಾ ಇ ಕಾರುಗಳು ಓಡಿದ್ವು. ನಮ್ಮ ಕಡೆಯಿಂದ ಅಲ್ಲಿ ಕೂಲಿಗೆ ಹೋದ ಹುಡುಗರು ದಾರಿಯುದ್ದಕ್ಕೂ ಕಾಂಕ್ರೀಟ್ ಗೋಡೆ, ಅದರ ಮೇಲೆ ಜಾಲರಿ ನೋಡಿ ಬಂದು ಹೇಳಿದ್ರು. ಆ ರೇಸ್‌ನ ದುಡ್ಡಿನ ವಿಷಯ ಈಗ ಎಸಿಬಿ ಕೇಸ್ ಆಗಿದೆ, ಅದು ಬೇರೆ ಮಾತು. ಚೆನ್ನೈನಲ್ಲಿ 2024ರ ಆಗಸ್ಟ್ ಕೊನೆಗೆ ರಾತ್ರಿ ಬೆಳಕಿನಲ್ಲಿ ರಸ್ತೆ ಮೇಲೆ ಕಾರ್ ರೇಸ್ ನಡೆದಾಗ, ಸುರಕ್ಷತೆ ಸರ್ಟಿಫಿಕೇಟ್ ಬರೋದು ತಡವಾಗಿ ಮೊದಲ ದಿನದ ವೇಳಾಪಟ್ಟಿಯೇ ಏರುಪೇರಾಯ್ತು. ಸರ್ಕಾರವೇ ಹಿಂದೆ ನಿಂತು ನಡೆಸಿದ ರೇಸ್ ಕೂಡ ಒಂದು ಕಾಗದಕ್ಕಾಗಿ ಕಾಯ್ತು. ನಮ್ಮಲ್ಲಿ ಸ್ಟಾಪ್‌ವಾಚ್ ಹಿಡಿದವರು ರೆಡಿ ಅಂದ್ರೆ ರೆಡಿ.

ಎರಡು ಸುದ್ದಿ ಪಂಜಾಬಿನವು. ಅಲ್ಲಿ ಟ್ರ್ಯಾಕ್ಟರ್ ಸ್ಟಂಟ್ ನಮಗಿಂತ ಹತ್ತು ಪಟ್ಟು. 2023ರ ಅಕ್ಟೋಬರ್‌ನಲ್ಲಿ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಮೇಳದಲ್ಲಿ ಸ್ಟಂಟ್ ಮಾಡ್ತಿದ್ದ ಯುವಕ ಅದೇ ಟ್ರ್ಯಾಕ್ಟರ್‌ಗೆ ಸಿಕ್ಕು ಸತ್ತ. ಎರಡು ದಿನದೊಳಗೆ ಮುಖ್ಯಮಂತ್ರಿ ಭಗವಂತ್ ಮಾನ್ ರಾಜ್ಯದಾದ್ಯಂತ ಟ್ರ್ಯಾಕ್ಟರ್ ಸ್ಟಂಟ್‌ಗೆ ನಿಷೇಧ ಹೇರಿದ್ರು. ಎಂಟು ತಿಂಗಳೂ ಆಗಲಿಲ್ಲ, 2024ರ ಜೂನ್‌ನಲ್ಲಿ ಫಗ್ವಾಡಾ ಹತ್ತಿರದ ಹಳ್ಳಿಯಲ್ಲಿ ಟ್ರ್ಯಾಕ್ಟರ್ ರೇಸ್ ನಡೆದು, ಗಾಡಿ ತಪ್ಪಿ ನೋಡೋರ ಮೇಲೆ ಹೋಯ್ತು, ಮಂದಿಗೆ ಗಾಯ ಆಯ್ತು. ನಿಷೇಧ ಇತ್ತು, ರೇಸೂ ಇತ್ತು. ಬ್ಯಾನ್ ಮಾಡಿದ್ರೆ ಆಟ ನಿಲ್ಲಲ್ಲ, ಕದ್ದು ನಡೀತದ ಅಷ್ಟೇ. ಕದ್ದು ನಡೆಯೋ ಜಾಗಕ್ಕೆ ಆಂಬ್ಯುಲೆನ್ಸ್ ಯಾರು ಕರೀತಾರ?

ಇದರ ಉಲ್ಟಾ ದಾರಿನೂ ಇದೆ. ಅಮೆರಿಕದ ರೈತರು ಟ್ರ್ಯಾಕ್ಟರ್‌ನಿಂದ ಭಾರ ಎಳೆಯೋ ಸ್ಪರ್ಧೆ 1929ರಲ್ಲೇ ಮಾಡಿದ್ರು. ಅದಕ್ಕೂ ಮೊದಲು ಕುದುರೆ ಕಟ್ಟಿ ಎಳೆಸ್ತಿದ್ರು, ನಮ್ಮಲ್ಲಿ ಎತ್ತಿಗೆ ಕಲ್ಲು ಕಟ್ಟಿದಂಗ. ಅಲ್ಲಿ ಒಂದು ಕಾಲಕ್ಕೆ ಭಾರ ಹೆಚ್ಚಿಸೋಕೆ, ಎಳೆಯುವ ಹಲಗೆ ಮೇಲೆ ದಾರಿಯುದ್ದಕ್ಕೂ ನಿಂತ ಮಂದಿ ಒಬ್ಬೊಬ್ಬರಾಗಿ ಹತ್ತಿ ನಿಲ್ಲೋರು. ಟ್ರ್ಯಾಕ್ಟರ್ ಶಕ್ತಿ ಜಾಸ್ತಿ ಆದಂಗ ಅದು ಅಪಾಯ ಅಂತ ಗೊತ್ತಾಗಿ, ಮಂದಿ ಬದಲು ಭಾರದ ಪೆಟ್ಟಿಗೆ ತಾನೇ ಮುಂದೆ ಸರಿಯೋ ಯಂತ್ರ ಮಾಡಿದ್ರು. 1969ರಲ್ಲಿ ಬೇರೆ ಬೇರೆ ರಾಜ್ಯದವರು ಕೂತು ಒಂದು ರಾಷ್ಟ್ರೀಯ ಸಂಘ ಕಟ್ಟಿ ಎಲ್ಲರಿಗೂ ಒಂದೇ ನಿಯಮ ಬರೆದ್ರು. ಈಗಿನ ದೊಡ್ಡ ಸ್ಪರ್ಧೆಗಳಲ್ಲಿ ಟ್ರ್ಯಾಕ್ಟರ್‌ಗೂ ಭಾರದ ಗಾಡಿಗೂ ನಡುವೆ ಚೈನ್ ಜೊತೆ ಒಂದು ತೆಳು ತಂತಿ ಇರ್ತದ. ಚೈನ್ ಹರೀತೋ, ತಂತಿ ಕಿತ್ತು ಇಂಜಿನ್ ಅಲ್ಲೇ ಬಂದ್. ಇದಕ್ಕೆ ವಿಮಾನದ ವಿದ್ಯೆ ಬೇಕಿಲ್ಲ, ನಮ್ಮ ಶಹಾಬಾದ್, ವಾಡಿಯ ಯಾವ ಮೆಕ್ಯಾನಿಕ್ ಆದ್ರೂ ಅರ್ಧ ದಿನದಲ್ಲಿ ಜೋಡಿಸ್ತಾನ.

ಇನ್ನು ದುಡ್ಡಿನ ಮಾತು. ಇದನ್ನ ಗಾಡಿ ಮಾಲೀಕರು ಓದಲೇಬೇಕು. ಇನ್ಶೂರೆನ್ಸ್ ಅದಲ್ಲ ಅಂತ ಆ ರಾತ್ರಿ ಮೂವರು ಹೇಳಿದ್ರು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 150ರಲ್ಲಿ, ವಿಮಾ ಕಂಪನಿ ಯಾವ ಕಾರಣ ಹೇಳಿ ಪರಿಹಾರದ ಹೊಣೆ ತಪ್ಪಿಸಿಕೊಳ್ಳಬಹುದು ಅಂತ ಪಟ್ಟಿ ಇದೆ. ಸಂಘಟಿತ ರೇಸ್ ಮತ್ತು ವೇಗದ ಪರೀಕ್ಷೆಗೆ ಗಾಡಿ ಬಳಸಬಾರದು ಅನ್ನೋ ಪಾಲಿಸಿ ಷರತ್ತು ಮುರಿದಿರೋದು ಆ ಪಟ್ಟಿಯಲ್ಲಿದೆ. ನಿಮ್ಮ ಪಾಲಿಸಿ ಕಾಗದದಲ್ಲಿ ಬಳಕೆಯ ಮಿತಿ ಅಂತ ಇರೋ ಸಣ್ಣಕ್ಷರದ ಸಾಲು ತೆಗೆದು ನೋಡಿ. ಕೆಲವು ಕೇಸ್‌ಗಳಲ್ಲಿ ಕೋರ್ಟ್, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಹೇಳ್ತದ. ಹೆಂಗೇ ಆದ್ರೂ ಕೊನೆಗೆ ಬರೋದು ಮಾಲೀಕನ ಹೊಲಕ್ಕೇ. ಡ್ರೈವರ್ ಮೇಲೆ ನಿರ್ಲಕ್ಷ್ಯದಿಂದ ಸಾವು ಅಂತ ಕೇಸ್ ಬಿದ್ರೆ ಹೊಸ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಜೈಲು. ಪೇಟ ಮಾಲೀಕನಿಗೆ, ಜೈಲು ಡ್ರೈವರ್‌ಗೆ.

ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ 2025ರ ಜೂನ್ 4ರಂದು ಕಾಲ್ತುಳಿತಕ್ಕೆ 11 ಮಂದಿ ಸತ್ತ ಮೇಲೆ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ಮಾಡಿತು. ಎಷ್ಟು ಮಂದಿ ಸೇರ್ತಾರೆ ಅನ್ನೋದರ ಮೇಲೆ ಯಾವ ಅಧಿಕಾರಿ ಅನುಮತಿ ಕೊಡಬೇಕು ಅಂತ ಅದರಲ್ಲಿ ಲೆಕ್ಕ ಹಾಕಿದ್ರು. ಅದು ಬೇಕಾದದ್ದೇ. ಆದ್ರೆ ನಮ್ಮ ಹೊಲದಲ್ಲಿ ಸೇರೋದು ಸಾವಿರ ಮಂದಿ ಇದ್ದರೆ ಹೆಚ್ಚು. ಇಲ್ಲಿ ಭಯ ನೂಕುನುಗ್ಗಲಿನದಲ್ಲ, ಗಾಲಿಯದ್ದು. ತಲೆ ಎಣಿಸಿದ್ರೆ ಈ ಅಪಾಯ ಕಾಣಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಬೆಂಗಳೂರಿನಿಂದ ಹೊಸ ಕಾಯ್ದೆ ಬರೋವರೆಗೆ ಕಾಯಬೇಕಿಲ್ಲ. ಜಿಲ್ಲಾಡಳಿತ ಒಂದು ಪುಟದ ಷರತ್ತು ಬರೆದು, ಮೈಕ್ ಅರ್ಜಿ ಜೊತೆಗೇ ಕೊಟ್ಟು ಸಹಿ ಹಾಕಿಸಿಕೊಂಡ್ರೆ ಅರ್ಧ ಕೆಲಸ ಆಯ್ತು. ಕಮಿಟಿ ಹೇಗೂ ಮೈಕ್‌ಗಾಗಿ ಠಾಣೆಗೆ ಹೋಗ್ತದ. ಆ ಪುಟದಲ್ಲಿ ಏನಿರಬೇಕು ಅನ್ನೋದಕ್ಕೆ ಎಕ್ಸ್‌ಪರ್ಟ್ ಬೇಡ, ಆ ರಾತ್ರಿ ಹೊಲದಲ್ಲಿದ್ದ ಯಾವ ಹಳೇ ಡ್ರೈವರ್ ಆದ್ರೂ ಹೇಳ್ತಾನ. ಟ್ರೇಲರ್ ಬರೋ ದಿಕ್ಕಿನಲ್ಲಿ ಒಬ್ಬರೂ ನಿಲ್ಲಬಾರದು, ಮಂದಿ ಟ್ರ್ಯಾಕ್ಟರ್ ಹೊರಡೋ ಕಡೆ ಇರಬೇಕು. ಹಗ್ಗ ಗಾಲಿಯನ್ನ ತಡೆಯಲ್ಲ, ಮಣ್ಣು ತಡೀತದ. ಜೆಸಿಬಿ ಎರಡು ತಾಸು ಓಡಿಸಿದ್ರೆ ಎರಡೂ ಬದಿಗೆ ಸೊಂಟದ ಎತ್ತರ ಬದು ಏಳ್ತದ, ಜಾತ್ರೆ ಮುಗಿದ ಮೇಲೆ ಅದೇ ಜೆಸಿಬಿ ಸಮ ಮಾಡ್ತದ. ಡಿಜೆಗೆ ಕೊಡೋ ದುಡ್ಡಿನಲ್ಲಿ ಇದು ಚಿಲ್ಲರೆ. ಕತ್ತಲಾಗೋದರೊಳಗೆ ಮುಗಿಸಬೇಕು. ಮುಗಿಯಲಿಲ್ಲ ಅಂದ್ರೆ ಉಳಿದ ಗಾಡಿ ಮರುದಿನ ಮುಂಜಾನೆ ಓಡಲಿ, ಬಿಸಿಲೂ ಇರಲ್ಲ. ಬ್ರೇಕ್ ಪೆಡಲ್ ವಿಷಯದಲ್ಲಿ ಡ್ರೈವರ್‌ಗಳು ನನ್ನ ಜೊತೆ ಜಗಳ ಆಡಿದ್ರು, ಕೊಂಡಿ ಹಾಕಿದ್ರೆ ಆಟದ ಮಜಾನೇ ಹೋಗ್ತದ ಅಂದ್ರು. ಅವರ ಮಾತಲ್ಲೂ ಅರ್ಥ ಇದೆ, ಅದನ್ನ ಅವರೇ ಕೂತು ತೀರ್ಮಾನ ಮಾಡಲಿ. ಆದ್ರೆ ಚೈನ್ ಜಗ್ಗಾಟ ಮಾತ್ರ ಪಲ್ಟಿ ತಡೆಯೋ ಕಬ್ಬಿಣದ ಚೌಕಟ್ಟು ಇಲ್ಲದ ಗಾಡಿಗೆ ಕೊಡಲೇಬಾರದು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರ್‌ಗಳಿಗೆ ಆ ಚೌಕಟ್ಟು ಕಡ್ಡಾಯ ಮಾಡಿದ್ದು 1959ರಲ್ಲಿ, ಅದೂ ರೇಸ್‌ಗಲ್ಲ, ಬರೀ ಹೊಲದ ಕೆಲಸಕ್ಕೆ.

ಆಂಬ್ಯುಲೆನ್ಸ್ ಬಗ್ಗೆ ಬೇರೆ ಹೇಳಬೇಕಿಲ್ಲ. ರಾತ್ರಿ ಹತ್ತರ ಮೇಲೆ ಸೇಡಂ ರೋಡಿನಲ್ಲಿ ಸಿಮೆಂಟ್ ಲಾರಿಗಳ ಸಾಲಿನ ನಡುವೆ ಕಲಬುರಗಿ ಮುಟ್ಟೋದು ಅಂದ್ರೆ ಏನು ಅಂತ ಇಲ್ಲಿಯ ಪ್ರತಿ ಮನೆಗೂ ಗೊತ್ತಿದೆ. ಸ್ಪರ್ಧೆ ಇರೋಷ್ಟು ಹೊತ್ತು ಒಂದು ಗಾಡಿ ಹೊಲದ ಬದುವಿಗೆ ನಿಂತಿರಬೇಕು, ಅದಕ್ಕೆ ಹೊರಗೆ ಹೋಗೋ ದಾರಿ ಖಾಲಿ ಇರಬೇಕು. ಆ ರಾತ್ರಿ ಹೊಲಕ್ಕಿದ್ದ ಒಂದೇ ದಾರಿಯಲ್ಲಿ ಬೈಕ್‌ಗಳು ಎಷ್ಟು ಒತ್ತಾಗಿ ನಿಂತಿದ್ವು ಅಂದ್ರೆ, ನನ್ನ ಬೈಕ್ ಹೊರಗೆ ತೆಗೆಯೋಕೆ ಅರ್ಧ ತಾಸು ಹಿಡೀತು.

ಆ ಮಗುವಿನ ಚಪ್ಪಲಿ ಏನಾಯ್ತು ಅಂತ ಮರುದಿನ ಫೋನ್ ಮಾಡಿ ಕೇಳಿದೆ. ಸಿಕ್ಕಾವ, ಸ್ವಲ್ಪ ಅಪ್ಪಚ್ಚಿ ಆಗ್ಯಾವ ಅಂತ ಕಮಿಟಿಯವರು ನಕ್ಕರು. ಮುಂದಿನ ವರ್ಷ ಬದು ಹಾಕಿಸ್ರಿ ಅಂದೆ. ನೋಡೋಣ್ರಿ, ಹಿರಿಯರಿಗೆ ಹೇಳ್ತೀವಿ ಅಂದ್ರು.

ನಿನ್ನೆ ಇನ್ನೊಂದು ಊರಿನ ಪಾಂಪ್ಲೆಟ್ ಬಂತು. ಪ್ರವೇಶ ಶುಲ್ಕ, ಬಹುಮಾನ, ದಾನಿಗಳ ಫೋಟೋ ಎಲ್ಲಾ ಇದೆ. ಕೆಳಗೆ ಷರತ್ತುಗಳು. ಕಮಿಟಿ ತೀರ್ಮಾನವೇ ಅಂತಿಮ. ಡ್ರೈವರ್‌ಗೆ ಅಥವಾ ವಾಹನಕ್ಕೆ ಏನೇ ಅನಾಹುತ ಆದರೂ ಕಮಿಟಿ ಜವಾಬ್ದಾರಿ ಅಲ್ಲ. ನೋಡೋಕೆ ಬರೋ ಮಂದಿ ಬಗ್ಗೆ ಏನೂ ಬರೆದಿಲ್ಲ.